ಮೂರು ಊರಿನ ಕೆಸರಿಗೆ ಒಂದು ಜಾಗ

ಶಿರಸಿ, ಸಿದ್ದಾಪುರ, ಯಲ್ಲಾಪುರ ಪಟ್ಟಣಗಳಲ್ಲಿ ಒಳಚರಂಡಿ ತಲುಪದ ಮನೆಗಳೇ ಹೆಚ್ಚು. ಮನೆಯ ಹಿಂದೆ ಒಂದು ಶೌಚದ ಗುಂಡಿ ಇರುತ್ತದೆ. ಅದು ತುಂಬಿದಾಗ ಹೀರುವ ಟ್ಯಾಂಕರ್ ಬಂದು ಕೊಳವೆ ಇಳಿಸಿ, ಅರ್ಧ ತಾಸಿನಲ್ಲಿ ತುಂಬಿಕೊಂಡು ಹೊರಡುತ್ತದೆ. ಎಲ್ಲಿಗೆ ಹೋಗುತ್ತದೆ ಎಂದು ಮನೆಯವರು ಕೇಳುವುದಿಲ್ಲ. ಅವರು ಕೇಳದ ಆ ಪ್ರಶ್ನೆಗೆ ಉತ್ತರವಾಗಿ ಒಂದು ನಕ್ಷೆ ಬರೆದುಕೊಡಬೇಕೆಂಬ ಕೆಲಸ, ಎಂಜಿನಿಯರ್ ಹುದ್ದೆಯಿಂದ ನಿವೃತ್ತಳಾದ ನಂತರ, ಸಲಹೆಯ ರೂಪದಲ್ಲಿ ನನ್ನ ಮೇಜಿಗೆ ಬಂತು. ಮೂರೂ ಊರಿನ ಕೆಸರನ್ನು ಒಂದೇ ಕಡೆ ತಂದು, ನೀರು ಬೇರ್ಪಡಿಸಿ, ಒಣಗಿಸಿ, ಗೊಬ್ಬರ ಮಾಡುವ ಘಟಕದ ನಕ್ಷೆ ಅದು.

ನಾನು ಹಾಸ್ಟೆಲಿನ ಗಂಟೆಗೆ ಬೆಳೆದವಳು. ಗಂಟೆಗೆ ಏಳುವುದು, ಹಾಸಿಗೆ ಮಡಚುವುದು, ಬೆಳಕು ಹರಿಯುವಾಗ ಮೇಜಿನ ಮುಂದೆ ಕೂರುವುದು ಈಗಲೂ ತಪ್ಪಿಲ್ಲ. ಕೆಸರಿನ ಲೆಕ್ಕವನ್ನೂ ಹಾಗೆಯೇ ಹಾಕಿದೆ. ವರ್ಷಕ್ಕೆ ಬರುವ ಒಟ್ಟು ಕೆಸರನ್ನು ಕೆಲಸದ ದಿನಗಳಿಗೆ ಸಮನಾಗಿ ಹಂಚಿದರೆ ದಿನಕ್ಕೆ ಇಷ್ಟು; ಅಷ್ಟಕ್ಕೆ ಕೆಸರು ಹರಡಿ ಒಣಗಿಸುವ ಇಷ್ಟು ಹಾಸುಗಳು. ತಳದಲ್ಲಿ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಎಲ್ಲಕ್ಕೂ ಮೇಲೆ ಮರಳು. ಜಾಗ ಶಿರಸಿಯ ಹತ್ತಿರವೇ. ನಕ್ಷೆ ಚೆನ್ನಾಗಿತ್ತು. ಅದಕ್ಕೆ ಅಂತಿಮ ರೂಪ ಕೊಡುವ ಮೊದಲು ಟ್ಯಾಂಕರ್‌ನಲ್ಲಿ ಕೂತು ಒಂದಷ್ಟು ದಿನ ಓಡಾಡಬೇಕೆಂದು ನಿರ್ಧರಿಸಿದೆ. ಎಲ್ಲಿಂದ ಏನು ಬರುತ್ತದೆ ಎಂದು ಕಣ್ಣಿನಿಂದ ನೋಡದೆ ಗೆರೆ ಎಳೆಯಬಾರದೆಂದು ನನಗೆ ಕಲಿಸಿದವರು ಹೇಳುತ್ತಿದ್ದರು.

ಟ್ಯಾಂಕರ್ ಒಂದು ದಂಪತಿಯದು. ಗಂಡ ಗಾಡಿ ಓಡಿಸುತ್ತಿದ್ದ, ಹೆಂಡತಿ ಕೊಳವೆ ಹಿಡಿಯುತ್ತಿದ್ದಳು. ಆಳು ಸಿಗದ ಕೆಲಸವಾದ್ದರಿಂದ ಅವಳೇ ಆಳು. ಇಬ್ಬರಿಗೂ ಐವತ್ತು ದಾಟಿತ್ತು.

"ಮೇಡಂ, ನೀವು ಜೀಪಲ್ಲಿ ಹಿಂದಿಂದ ಬನ್ನಿ," ಎಂದ ಚಾಲಕ ಮೊದಲ ದಿನ. "ಇದ್ರಲ್ಲಿ ಕೂತ್ರೆ ಎರಡು ದಿನ ಊಟ ಸೇರುದಿಲ್ಲ."

"ಹತ್ಲಿ ಬಿಡಿ," ಎಂದಳು ಹೆಂಡತಿ. "ನಂಗೆ ಇಷ್ಟು ವರ್ಷದಿಂದ ಸೇರ್ತಾ ಅದೆ. ಸೇರಿ ಸೇರಿ ಬಾಗಿಲಲ್ಲಿ ಹಿಡಿಯುದಿಲ್ಲ ಈಗ."

ಅವನು ಸೀಟಿನ ಮೇಲೆ ಒಗೆದ ಟವೆಲ್ ಹಾಸಿದ. ಅವಳು ತನ್ನ ಮುಡಿಯಿಂದ ಅಬ್ಬಲಿಗೆಯ ಒಂದು ತುಂಡು ಮಾಲೆ ಹರಿದು ನನ್ನ ಕೈಗಿಟ್ಟಳು. "ಮುಡ್ಕಳಿ. ಇದಕ್ಕೆ ಪರಿಮಳ ಎಂತದೂ ಇಲ್ಲ. ಆದ್ರೂ ನಮ್ಮನ್ನ ನೋಡಿದವ್ರಿಗೆ ಹೂವು ಮೊದ್ಲು ಕಾಣ್ತದೆ." ಮುಡಿಯುವಷ್ಟು ಕೂದಲು ನನಗಿಲ್ಲ. ಪೆನ್ನಿನ ಪಕ್ಕ ಕಿಸೆಗೆ ಸಿಕ್ಕಿಸಿಕೊಂಡೆ. ಆಮೇಲೆ ಪ್ರತಿದಿನ ಒಂದು ತುಂಡು ನನಗೂ ಬರುತ್ತಿತ್ತು.

ಅವರ ಕಷ್ಟ ಗಾಡಿಯಲ್ಲಿ ಕೂತ ಮೇಲೆಯೇ ತಿಳಿದದ್ದು. ಸುರಿಯಲು ಅವರಿಗೆ ಯಾವತ್ತೂ ಜಾಗ ಇರಲಿಲ್ಲ. ಹಳ್ಳದ ಬದಿಗೆ ಹೋದರೆ ಜನ ಕಲ್ಲು ಹಿಡಿದು ಬರುತ್ತಿದ್ದರು. ಯಲ್ಲಾಪುರದ ದಾರಿಯ ಕಾಡಿನಲ್ಲಿ ಸುರಿದಾಗ ಅರಣ್ಯದವರು ಗಾಡಿಯನ್ನೇ ಹಿಡಿದಿದ್ದರು. ಇನ್ನು ಹೀಗೆ ಮಾಡುವುದಿಲ್ಲವೆಂದು ಬರೆಸಿಕೊಂಡು ಬಿಟ್ಟರು. ಜನರದ್ದೂ ಅರಣ್ಯದವರದ್ದೂ ತಪ್ಪಲ್ಲ. ಕೆಳಗಿನ ಹಳ್ಳದ ನೀರನ್ನು ಜನ ಕುಡಿಯುತ್ತಾರೆ. ಸದ್ಯಕ್ಕೆ ನಗರಸಭೆಯವರು ಶಿರಸಿಯ ಕಸದ ಅಂಗಳದ ಅಂಚಿನಲ್ಲಿ ಒಂದು ಉದ್ದನೆಯ ಕಾಲುವೆ ತೋಡಿಕೊಟ್ಟಿದ್ದರು. ಅದು ತುಂಬಿದ ದಿನ ಗಾಡಿ ನಿಲ್ಲಿಸಬೇಕು. ಹೆಚ್ಚೆಂದರೆ ಎರಡು ಮಳೆಗಾಲ ತಡೆಯಬಹುದಿತ್ತು. ಅಷ್ಟರೊಳಗೆ ಘಟಕ ಆಗದಿದ್ದರೆ ಈ ಇಬ್ಬರ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು.

"ಬೇರೆ ಕೆಲ್ಸಕ್ಕೆ ಯಾರು ಕರೀತಾರೆ ಮೇಡಂ?" ಎಂದಳು ಅವಳು. "ಮದ್ವೆಮನೆಲಿ ಸೌತೆಕಾಯಿ ಹೆಚ್ಚುಕೆ ಹೋದ್ರೂ, ಇವಳು ಟ್ಯಾಂಕರ್‌ನವಳಲ್ವ ಅಂತಾರೆ."

ಮೊದಲ ವಾರದಲ್ಲೇ ನನ್ನ ಸರಾಸರಿಯ ಲೆಕ್ಕ ಬಿದ್ದುಹೋಯಿತು. ಒಂದು ಶುಕ್ರವಾರ ಯಲ್ಲಾಪುರದ ಒಂದು ಮನೆಗೆ ಹೋದೆವು. ಮಗ ಫೋನ್ ಮಾಡಿ ಕರೆಸಿದ್ದ. ತಾಯಿ ಬಾಗಿಲಿಗೆ ಅಡ್ಡ ನಿಂತರು. ನನ್ನ ಹೆಸರು, ಊರು ಕೇಳಿ ತಮ್ಮ ಪೈಕಿಯವಳೆಂದು ತಿಳಿದದ್ದೇ ಮನೆಮಾತಿಗೆ ಇಳಿದರು.

"ತಂಗೀ, ಇವತ್ತು ಆಗ್ತಿಲ್ಲೆ. ಶುಕ್ರವಾರ ಮನೆಯಿಂದ ಎಂತದೂ ಹೊರಗೆ ಕೊಡ್ಲಾಗ."

"ಅಮ್ಮ, ಇದು ಗುಂಡಿದು."

"ಗುಂಡಿದಾದ್ರೆ ಎಂತಾತು? ಮನೆದೇ ಅಲ್ದಾ? ಆಸ್ರಿಗೆ ಕುಡ್ಕಂಡು ಹೋಗು, ನಾಳೆ ಬಾ."

ಗಾಡಿಯಲ್ಲಿ ಚಾಲಕನ ಹೆಂಡತಿ ಶಿರಸಿಯ ತನಕ ನಕ್ಕಳು. "ಅದನ್ನೂ ಲಕ್ಷ್ಮಿ ಜೊತೆ ಲೆಕ್ಕಕ್ಕೆ ಹಿಡಿದಿದ್ದಾರೆ ನೋಡಿ. ಹಂಗಾದ್ರೆ ನಮ್ಮಷ್ಟು ಶ್ರೀಮಂತರು ಈ ತಾಲೂಕಲ್ಲೇ ಇಲ್ಲ."

ಶುಕ್ರವಾರ ಮಾತ್ರ ಅಲ್ಲ. ಸೋಮವಾರ ಈಶ್ವರನ ವಾರ, ಆವತ್ತೂ ಬೇಡ. ಏಕಾದಶಿ, ಅಮಾವಾಸ್ಯೆ, ಮನೆಯಲ್ಲಿ ಬಾಣಂತಿ ಇದ್ದಾಗ ಬೇಡ. ಆದರೆ ಚೌತಿಗೆ ಮೊದಲು ಎಲ್ಲರಿಗೂ ಬೇಕು, ನೆಂಟರು ಬರುತ್ತಾರೆ. ಮದುವೆಯ ತಿಂಗಳುಗಳಲ್ಲಿ ಮೂರೂ ಊರಿನಿಂದ ಒಟ್ಟಿಗೆ ಕರೆ ಬರುತ್ತದೆ. ವಾರದಲ್ಲಿ ಎರಡು ದಿನ ಗಾಡಿ ಖಾಲಿ ನಿಂತರೆ, ಉಳಿದ ದಿನ ಉಸಿರಾಡಲು ಬಿಡುವಿಲ್ಲ. ನಾನು ಹಾಸುಗಳಿಗೆ ಹಂಚಿದ್ದ ಸಮಪಾಲು ಯಾವ ದಿನವೂ ಬರುವಂಥದ್ದಾಗಿರಲಿಲ್ಲ. ಮೊದಲು ಕಿರಿಕಿರಿಯಾಯಿತು. ಮನೆಮನೆಗೆ ತಿಳಿವಳಿಕೆ ಪತ್ರ ಹಂಚೋಣವೇ ಎಂದು ಯೋಚಿಸಿದೆ. ಆಮೇಲೆ ಅನ್ನಿಸಿತು, ನನಗೆ ಗಂಟೆ ಇದ್ದಂತೆ ಅವರಿಗೆ ಪಂಚಾಂಗ ಇದೆ. ಅದೂ ಕಟ್ಟುನಿಟ್ಟಿನ ದಿನಚರಿಯೇ. ನಾನು ಅದನ್ನು ಓದದೆ ಲೆಕ್ಕ ಹಾಕಿದ್ದೆ, ಅಷ್ಟೇ. ನಕ್ಷೆಯಲ್ಲಿ ಹಾಸುಗಳ ಮುಂದೆ ಒಂದು ಸಂಗ್ರಹ ತೊಟ್ಟಿ ಸೇರಿಸಿದೆ, ಏರಿಳಿತವನ್ನು ಅದು ತಡೆದುಕೊಳ್ಳಲಿ ಎಂದು.

ಎರಡನೆಯ ಪೆಟ್ಟು ಮಳೆಯಿಂದ ಬಿತ್ತು. ಶಿರಸಿಯ ಹುಲೇಕಲ್ ದಾರಿಯಲ್ಲಿ ಒಂದು ಖಾಲಿ ಜಾಗ ಪಡೆದು ಪ್ರಯೋಗಕ್ಕೆಂದು ಒಂದು ಹಾಸು ಕಟ್ಟಿಸಿದ್ದೆವು. ಮೇಲೆ ಬೆಳಕು ಬೀಳುವ ಪಾರದರ್ಶಕ ಪ್ಲಾಸ್ಟಿಕ್ ತಗಡು, ಸುತ್ತ ಗಾಳಿಯಾಡುವ ಜಾಗ. ಬೇಸಿಗೆಯಲ್ಲಿ ಅದರ ಮೇಲಿನ ಕೆಸರು ಬಿರುಕು ಬಿಟ್ಟು ಹಲಗೆಯಂತೆ ಎದ್ದುಬಂತು. ಶಿರಸಿ ಪಟ್ಟಣದ ಕಿರಿಯ ಎಂಜಿನಿಯರ್, ಸಿದ್ದಾಪುರದಿಂದ ದಿನಾ ಬೈಕಿನಲ್ಲಿ ಬರುವ ಹುಡುಗ, ಅದರ ಮೇಲೆ ನಿಂತು ಫೋಟೊ ತೆಗೆಸಿಕೊಂಡ. ಆಷಾಢದಲ್ಲಿ ಹೊಸ ಕೆಸರು ಹಾಕಿದೆವು. ಮಳೆ ಒಂದು ಹನಿಯೂ ಒಳಗೆ ಬೀಳಲಿಲ್ಲ, ಆದರೂ ಕೆಸರು ಒಣಗಲಿಲ್ಲ. ಗಾಳಿಯೇ ಒದ್ದೆಯಾಗಿತ್ತು. ವಾರಗಳು ಕಳೆದವು, ಅದರ ಮೇಲೆ ಹಸಿರು ಪಾಚಿ ಹಬ್ಬಿತು, ಒಂದು ಮೂಲೆಯಲ್ಲಿ ಕೆಸುವಿನ ಗಿಡವೂ ಎದ್ದಿತು.

"ಮೇಡಂ, ಪತ್ರೊಡೆಗಾದ್ರೂ ಆಗ್ತದೆ," ಎಂದ ಹುಡುಗ. ನಾನು ನಗಲಿಲ್ಲ. ಅವನು ಪೆಚ್ಚಾಗಿ ಬೂಟಿನ ಮಣ್ಣು ಕೆರೆದ.

ಅದೇ ಮಳೆಯಲ್ಲಿ ಇನ್ನೊಂದನ್ನು ನೋಡಿದೆ. ಪ್ರತಿ ಟ್ಯಾಂಕರ್‌ನಿಂದ ಒಂದಿಷ್ಟು ಕೆಸರನ್ನು ಉದ್ದನೆಯ ಗಾಜಿನ ಜಾಡಿಯಲ್ಲಿ ತುಂಬಿ, ಅಲುಗಾಡಿಸದೆ ಬಿಟ್ಟು, ಎಷ್ಟು ಕೆಳಗೆ ಕೂರುತ್ತದೆಂದು ಅಳೆಯುವುದು ನನ್ನ ಪದ್ಧತಿ. ಬೇಸಿಗೆಯ ಜಾಡಿಯಲ್ಲಿ ಮೂರನೆಯ ಒಂದು ಭಾಗ ಕಪ್ಪಗೆ ಕೂರುತ್ತಿತ್ತು. ಮಳೆಗಾಲದ ಜಾಡಿಯಲ್ಲಿ ತಳಕ್ಕೆ ಒಂದು ಬೆರಳಿನಷ್ಟು. ನಮ್ಮ ಕಡೆಯ ಗುಂಡಿಗಳು ಚಿರೆಕಲ್ಲಿನವು, ಗಾರೆಯಿಲ್ಲದೆ ಜೋಡಿಸಿದವು. ನೆಲದ ನೀರು ಏರಿದಾಗ ಸಂದುಗಳಿಂದ ಒಳಗೆ ನುಗ್ಗುತ್ತದೆ. ಗುಂಡಿ ತುಂಬಿತೆಂದು ಜನ ಕರೆಯುತ್ತಾರೆ. ಟ್ಯಾಂಕರ್ ಹೀರುವುದು ಬಹುಪಾಲು ಅಂತರ್ಜಲವನ್ನೇ. ಆ ನೀರನ್ನು ಯಲ್ಲಾಪುರದಿಂದ ಕಾಡುದಾರಿಯಲ್ಲಿ ಡೀಸೆಲ್ ಸುಟ್ಟು ಶಿರಸಿಗೆ ಹೊತ್ತು ತರುವ ಘಟಕವನ್ನು ನಾನು ಬರೆದಿದ್ದೆ.

ಒಂದು ಬೆಳಗ್ಗೆ ಜಾಡಿಗಳ ಸಾಲಿನ ಮುಂದೆ ಕೂತು, ಹಳೆಯ ನಕ್ಷೆಯನ್ನು ಸುರುಳಿ ಸುತ್ತಿ ಕಪಾಟಿನ ಮೇಲಿಟ್ಟೆ. ಹುಡುಗ ಬಂದಾಗ ಹೊಸ ಹಾಳೆಯಲ್ಲಿ ಪೆನ್ಸಿಲಿನ ಗೆರೆಗಳಿದ್ದವು. ಕೆಸರು ಕೂರಿಸುವ ತೊಟ್ಟಿ ಮೂರೂ ಊರಿನಲ್ಲಿ ಬೇರೆ ಬೇರೆ. ಪ್ರತಿ ಊರಿನಲ್ಲಿ ಎರಡು ತೊಟ್ಟಿ. ಒಂದು ತುಂಬುತ್ತಿರುವಾಗ ಇನ್ನೊಂದು ಕೂರುತ್ತಿರಲಿ. ತೊಟ್ಟಿಗೆ ಮೊದಲು ತಂತಿ ಜಾಲರಿ, ಬಟ್ಟೆ ಚಿಂದಿ, ಪ್ಲಾಸ್ಟಿಕ್ ಹಿಡಿಯಲು. ಮೇಲೆ ನಿಂತ ನೀರು ಕಾಬಾಳೆ ಗಿಡ ನೆಟ್ಟ ಜಲ್ಲಿಯ ಹಾಸಿನ ಮೂಲಕ ಸೋಸಿ ಇಳಿದು ಹೋಗಲಿ. ತಳದ ಗಟ್ಟಿ ಕೆಸರು ಮಾತ್ರ ದೂರ ಪ್ರಯಾಣ ಮಾಡಲಿ. ಹಾಗಾದರೆ ಟ್ಯಾಂಕರ್‌ನ ಸುತ್ತುಗಳು ಬಹಳ ಕಡಿಮೆಯಾಗುತ್ತವೆ. ಸುತ್ತು ಕಡಿಮೆಯಾದರೆ ದೂರ ಹೆಚ್ಚಾದರೂ ಚಿಂತೆಯಿಲ್ಲ. ಒಣಗಿಸುವ ಅಂಗಳವನ್ನು ಪೂರ್ವಕ್ಕೆ, ಬನವಾಸಿಯ ಕಡೆಗೆ ಒಯ್ಯಬಹುದು. ಆ ಕಡೆ ಹೋದಂತೆ ಮಳೆ ತೆಳುವಾಗುತ್ತದೆ, ಮಳೆಯ ನಡುವೆ ಬಿಸಿಲೂ ಬೀಳುತ್ತದೆ.

"ಮೇಡಂ, ಮೂರು ಊರಿಗೆ ಒಂದೇ ಘಟಕ ಅಂತ ಮಂಜೂರಾಗಿರುವುದು," ಎಂದ ಹುಡುಗ.

"ಒಣಗಿಸುವುದು ಒಂದೇ ಕಡೆ. ಗೊಬ್ಬರ ಆಗುವುದು ಒಂದೇ ಕಡೆ. ಒಂದೇ ಘಟಕ."

"ಆ ಕಡೆಯವ್ರು ಒಪ್ತಾರಾ?"

ಹಾಳೆಯ ಮೇಲೆ ಅಂಗಳದ ಜಾಗವನ್ನು ಗೆರೆ ಎಳೆಯದೆ ಖಾಲಿ ಬಿಟ್ಟೆ.

ಜಾಗ ಸಿಕ್ಕಿದ್ದು ಬನವಾಸಿ ರಸ್ತೆಯ ಒಂದು ಹಳ್ಳಿಯ ಆಚೆಗಿನ ಸರ್ಕಾರಿ ಬಯಲಿನಲ್ಲಿ. ಸುತ್ತ ಅನಾನಸು, ಮೆಕ್ಕೆಜೋಳ. ದೀಪಾವಳಿ ಕಳೆದ ಮೇಲೆ ದ್ಯಾಮವ್ವನ ಗುಡಿಯ ಕಟ್ಟೆಯ ಮೇಲೆ ಊರವರು ಸೇರಿದರು. ಟ್ಯಾಂಕರ್ ದಂಪತಿಯನ್ನು ನಾನೇ ಬರಹೇಳಿದ್ದೆ. ಅವರು ಗಾಡಿಯನ್ನು ತೊಳೆದು, ದೂರದ ಬಸ್ ನಿಲ್ದಾಣದ ಹತ್ತಿರ ನಿಲ್ಲಿಸಿ, ಅಲ್ಲೇ ನಿಂತಿದ್ದರು.

"ಬರ್ರಿ ಮೇಡಂ, ಕುಂಡ್ರಿ," ಎಂದರು ಊರಿನ ಹಿರಿಯರೊಬ್ಬರು. "ಮೊದಲು ಚಾ ಕುಡೀರಿ. ಆಮ್ಯಾಲ ಬೈತೀವಿ."

ಚಹಾ ಮುಗಿಯಿತು. ಅವರು ಮಾತಿಗೆ ತಪ್ಪಲಿಲ್ಲ. "ಮೂರೂರ ಮಂದಿ ಉಂಡದ್ದು ತಂದು ನಮ್ಮೂರಾಗ ಹಾಕ್ತೀರಿ. ಉಣ್ಣಾಗ ನಮ್ಮನ್ನ ಕರ್ದಿದ್ರೇನು?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಹುಡುಗ ಗೋಡೆಯ ಮೇಲೆ ಚಿತ್ರಗಳನ್ನು ತೋರಿಸಿದ. ಒಣಗಿದ ಕೆಸರಿಗೆ ಮೆಕ್ಕೆಜೋಳದ ದಂಟು ಕತ್ತರಿಸಿ ಬೆರೆಸಿ ರಾಶಿ ಹಾಕುತ್ತೇವೆ, ರಾಶಿ ಒಳಗೇ ಕಾಯುತ್ತದೆ, ಆ ಶಾಖಕ್ಕೆ ಜಂತುಹುಳದ ಮೊಟ್ಟೆ ಸಾಯುತ್ತದೆ ಎಂದೆಲ್ಲ ವಿವರಿಸಿದ. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ, ಬಯಲಿಗೆ ಹೊಂದಿಕೊಂಡ ಅನಾನಸು ಹೊಲದವರು, ಸೆರಗು ಸರಿಪಡಿಸಿಕೊಂಡು ನನ್ನತ್ತ ತಿರುಗಿದರು.

"ಗಾಳಿ ನಮ್ಮ ಮನಿ ಕಡೆ ಬೀಸಿದ್ರ?"

"ಮಳೆಗಾಲದಲ್ಲಿ ಪಡುವಣ ಗಾಳಿ. ಅಂಗಳ ನಿಮ್ಮ ಊರಿನ ಮೂಡಣಕ್ಕಿದೆ, ಆಗ ನಿಮಗೆ ಬರುವುದಿಲ್ಲ. ಚಳಿಗಾಲದಲ್ಲಿ ಗಾಳಿ ತಿರುಗುತ್ತದೆ. ಆಗ ರಾಶಿಯ ಮೇಲೆ ಹೊದಿಕೆ ಇರುತ್ತದೆ, ಆದರೂ ಕೆಲವು ದಿನ ವಾಸನೆ ಬರಬಹುದು. ಬರುವುದೇ ಇಲ್ಲ ಎಂದು ಹೇಳಲಾರೆ."

ಅಜ್ಜಿ ತಲೆಯಾಡಿಸಿದರು. ಒಪ್ಪಿದರೋ, ಕೇಳಿಸಿತೆಂದರೋ ತಿಳಿಯಲಿಲ್ಲ. ಆಮೇಲೆ ಬಸ್ ನಿಲ್ದಾಣದ ಕಡೆ ಕೈ ಮಾಡಿದರು. "ಅಲ್ಲಿ ನಿಂತಾರಲ್ಲ, ಅವ್ರ್ಯಾರು?"

"ಗಾಡಿಯವರು."

"ಕರೀರಿ ಅವರ್ನ. ದಿನಾ ಬರಾವ್ರು ಅವರು."

ಇಬ್ಬರೂ ಬಂದು ಕಟ್ಟೆಯ ಕೆಳಗೆ ನಿಂತರು. ಚಾಲಕ ನೆಲ ನೋಡುತ್ತಿದ್ದ. ಅಜ್ಜಿ ಹೆಂಡತಿಯನ್ನೇ ಕೇಳಿದರು. "ಏನವ್ವಾ, ನೀ ಹೇಳು. ಇವ್ರು ಹೇಳಿದಂಗ ಎಲ್ಲಾ ನಡೀತದೇನು?"

ಅವಳು ಹೌದೆನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ತಲೆ ಎತ್ತಿದಳು.

"ಗೊತ್ತಿಲ್ಲ ಅಮ್ಮ. ಇಂಥ ಜಾಗ ನಾವು ಕಂಡವ್ರೇ ಅಲ್ಲ. ನಾವು ಕಂಡದ್ದು ಕಾಡು, ಹಳ್ಳ, ಓಡಿಸ್ಕಂಡು ಬರುವ ಜನ. ಇಲ್ಲಿ ಆದ್ರೆ ಹಗಲು ಹೊತ್ತಲ್ಲಿ ಹೆದ್ರಿಕೆ ಇಲ್ದೆ ಬರ್ಬಹುದು ಅಂತ ಆಸೆ ಅದೆ. ನಡೀತದೆ ಅಂತ ಹೇಳಕ್ಕೆ ನಂಗೆ ಗೊತ್ತಿಲ್ಲ."

ಕಟ್ಟೆಯ ಮೇಲೆ ಗುಸುಗುಸು ಎದ್ದಿತು. ಹುಡುಗ ನನ್ನ ಮುಖ ನೋಡಿದ. ಕೆಲಸ ಕೆಟ್ಟಿತೆಂದೇ ನಾನೂ ಅಂದುಕೊಂಡೆ. ಅಜ್ಜಿ ಮಾತ್ರ ಅವಳನ್ನೇ ನೋಡುತ್ತಿದ್ದರು.

"ಹೂವಾ ಮುಡಕೊಂಡು ಬಂದಾಳ, ಸುಳ್ಳಾ ಹೇಳಲಿಲ್ಲ," ಎಂದರು ಕೊನೆಗೆ, ಊರವರಿಗೆ ಕೇಳುವಂತೆ. "ನಮ್ಮ ತಿಪ್ಪಿ ಒಂದು ವರ್ಷಾ ಮಲಗತೈತಿ, ಒಂದು ಮಳಿ ಉಂಡ ಮ್ಯಾಲೇ ಹೊಲಕ್ಕ ಹೋಗೂದು. ನಿಮ್ಮದೂ ಹಂಗ ವರ್ಷಾ ಮಲಗಬೇಕ್ರಿ. ಮತ್ತ ಸೋಮವಾರ ಗಾಡಿ ಬರಬಾರದು. ಸೋಮವಾರ ನಾವು ಎತ್ತಿನ ಹೆಗಲಿಗೆ ನೊಗಾ ಇಡಂಗಿಲ್ಲ. ಬಸವಣ್ಣಗ ಬಿಡುವು ಕೊಟ್ಟು ನಿಮ್ಮ ಗಾಡಿ ಬಿಟ್ಟಕೊಂಡ್ರ ಹೆಂಗ?"

ಹುಡುಗ ನನ್ನ ಕಿವಿಯ ಹತ್ತಿರ ಬಾಗಿದ. "ಮೇಡಂ, ನಮ್ಮ ನಕ್ಷೆಯಲ್ಲಿ ರಾಶಿಗೆ ಕೆಲವೇ ತಿಂಗಳು. ವರ್ಷ ಇಡಬೇಕಂದ್ರೆ ಇನ್ನೊಂದು ಶೆಡ್ ಬೇಕು."

ಮಳೆ ಬಡಿಯದಂತೆ ಮಾಡಿನ ಕೆಳಗೆ ಹೆಚ್ಚು ಕಾಲ ಇಟ್ಟಷ್ಟೂ ಗೊಬ್ಬರ ಸುರಕ್ಷಿತ, ಅದರಲ್ಲಿ ಎರಡು ಮಾತಿಲ್ಲ. ಶೆಡ್ಡಿಗೆ ಜಾಗವೂ ಇತ್ತು. ಸೋಮವಾರ ಹೇಗೂ ಊರುಗಳಿಂದ ಕರೆ ಬರುವುದಿಲ್ಲ. ಆ ದಿನ ತೊಟ್ಟಿಗಳು ಅಲುಗಾಡದೆ ಕೂರಲಿ. "ವರ್ಷ ಇಡುತ್ತೇವೆ," ಎಂದೆ. "ಸೋಮವಾರ ಗಾಡಿ ಬರುವುದಿಲ್ಲ."

ಊರವರು ಆ ದಿನವೇ ಹೂಂ ಅನ್ನಲಿಲ್ಲ. ಎರಡು ಸಭೆಗಳ ನಂತರ ಒಪ್ಪಿದರು. ಆದರೆ ಅವತ್ತು ವಾಪಸು ಬರುವಾಗ ಚಾಲಕ ಹೆಂಡತಿಗೆ ಹೇಳಿದ, "ಕರೆ ಕಾಯದೆ ವಾರಕ್ಕೊಂದು ರಜೆ ಆತಲ್ಲೆ ನಮಗೆ." ಅವಳು, "ಎಂತ ಮಾಡುದು ಆ ದಿನ?" ಎಂದಳು.

ಕಟ್ಟುವ ಕೆಲಸ ಬೇಸಿಗೆಗೆ ಮುಗಿಯಬೇಕಿತ್ತು. ಮೂರೂ ಊರಿನ ತೊಟ್ಟಿಗಳು ಮುಗಿದವು. ಯಲ್ಲಾಪುರದ ತೊಟ್ಟಿಯಲ್ಲಿ ನೀರು ತುಂಬಿಸಿ ನೋಡಿದಾಗ ಒಂದು ಮೂಲೆ ಒಸರಿತು. ಗಾರೆ ಕೆತ್ತಿ ಮತ್ತೆ ಹಾಕಿಸಿದೆ. ಅಂಗಳದಲ್ಲಿ ಹಾಸುಗಳೂ ಸಿದ್ಧವಾದವು. ಚಾವಣಿಯ ತಗಡು ಮಾತ್ರ ಪೂರ್ತಿ ಬರಲಿಲ್ಲ. ಇವತ್ತು, ನಾಳೆ ಎನ್ನುತ್ತ ಜೂನ್ ಬಂತು. ಶಿರಸಿಯಲ್ಲಿ ಮಳೆ ಹಿಡಿಯಿತು. ಕಸದ ಅಂಗಳದ ಕಾಲುವೆ ಅಂಚಿನ ತನಕ ತುಂಬಿತ್ತು. ಇನ್ನು ಅಲ್ಲಿ ಸುರಿಯಬೇಡಿ ಎಂದು ಚಾಲಕನಿಗೆ ಸೂಚನೆ ಬಂತು.

ಅವನು ಬಂದು ನನ್ನ ಮೇಜಿನ ಮುಂದೆ ನಿಂತ. ಜಗಳವಾಡಲಿಲ್ಲ. "ಮೇಡಂ, ಗಾಡಿ ಮನೆ ಹಿಂದೆ ನಿಲ್ಸಿ ಬಂದೆ. ನಿಮಗೊಂದು ಮಾತು ಹೇಳಿ ಹೋಗ್ವ ಅಂತ."

ಬಂದಿದ್ದ ತಗಡುಗಳು ಎಷ್ಟು ಹಾಸುಗಳಿಗೆ ಸಾಕು ಎಂದು ಹುಡುಗನನ್ನು ಕೇಳಿದೆ. ಎರಡಕ್ಕೆ ಎಂದ. ಎಲ್ಲ ಹಾಸುಗಳಿಗೂ ಅರ್ಧರ್ಧ ಹೊದಿಸುವ ಯೋಜನೆ ಬಿಟ್ಟು, ಆ ಎರಡನ್ನೇ ಪೂರ್ತಿ ಮುಚ್ಚಿಸಿದೆ. ತೊಟ್ಟಿಗಳಲ್ಲಿ ಕೆಸರು ಗಟ್ಟಿಯಾಗಿ ಕೂತರೆ ಈ ಮಳೆಗಾಲಕ್ಕೆ ಎರಡು ಹಾಸು ಸಾಕಾಗಬಹುದು, ಸಾಕಾಗದೆಯೂ ಹೋಗಬಹುದು. ಪೂರ್ಣವಾಗುವ ತನಕ ಒಂದನ್ನೂ ಶುರುಮಾಡಬಾರದೆಂಬುದು ನನ್ನ ಜೀವಮಾನದ ನಿಯಮ. ಆ ವಾರ ಅದನ್ನು ಬದಿಗಿಟ್ಟೆ. ಚಾಲಕನಿಗೆ ಗಾಡಿ ತೆಗೆಯಲು ಹೇಳಿದೆ.

ಯಲ್ಲಾಪುರದ ತೊಟ್ಟಿಯಲ್ಲಿ ಕೂತ ಮೊದಲ ಗಟ್ಟಿ ಕೆಸರನ್ನು ತುಂಬಿಕೊಂಡು ಹೊರಟ ದಿನ ನಾನೂ ಗಾಡಿಯಲ್ಲಿದ್ದೆ. ಶಿರಸಿಯ ತನಕ ಗಾಜಿನ ಮೇಲೆ ನೀರು ಧಾರೆಧಾರೆಯಾಗಿ ಇಳಿಯುತ್ತಿತ್ತು. ಊರು ದಾಟಿ ಪೂರ್ವಕ್ಕೆ ತಿರುಗಿದ ಮೇಲೆ ಮಳೆ ಹನಿಯಾಯಿತು, ಹನಿ ನಿಂತಿತು. ಹಳ್ಳಿ ಹತ್ತಿರವಾದಂತೆ ಚಾಲಕ ವೇಗ ತಗ್ಗಿಸಿದ. ಹೆಂಡತಿ ಸೆರಗನ್ನು ಬಿಗಿಯಾಗಿ ಹೊದ್ದಳು.

ಗುಡಿಯ ಆಚೆ, ರಸ್ತೆಯ ಬದಿಯಲ್ಲಿ, ಆ ಅಜ್ಜಿ ನಿಂತಿದ್ದರು. ಪಕ್ಕದಲ್ಲಿ ನೆಡುವುದಕ್ಕೆಂದು ಅನಾನಸಿನ ಕಂದುಗಳನ್ನು ತುಂಬಿದ ಬುಟ್ಟಿ. ನಮ್ಮನ್ನು ಕಂಡು ಕೈ ಎತ್ತಿದರು.

ಚಾಲಕನ ಕಾಲು ಬ್ರೇಕಿನ ಮೇಲೆ ಗಡಬಡಿಸಿತು. "ಏನೋ ಆಗಿದೆ ಮೇಡಂ. ಬೇಡ ಅಂತಿದ್ದಾರೆ." ನಾನೂ ಹಾಗೆಯೇ ತಿಳಿದೆ. ಎರಡೇ ಹಾಸುಗಳಿಗೆ ಚಾವಣಿ ಇರುವುದನ್ನು ಊರವರು ನೋಡಿರಬೇಕು.

ಗಾಡಿ ನಿಂತಿತು. ಅಜ್ಜಿ ಬಾಗಿಲ ಹತ್ತಿರ ಬಂದು ತಲೆ ಎತ್ತಿದರು.

"ಹೊಲದ ತನಕ ಹತ್ತಸ್ಕೊಳ್ಳಪಾ. ಬುಟ್ಟಿ ಭಾರ ಐತಿ. ಹೆಂಗೂ ಅದ ದಾರೀಲೇ ಹೊಂಟೀರಿ."

ಚಾಲಕನಿಗೆ ಅರ್ಥವಾಗಲಿಲ್ಲ. ಅವನ ಹೆಂಡತಿಗೆ ಆಯಿತು. "ಅಮ್ಮ, ವಾಸನೆ ಬರ್ತದೆ," ಎಂದಳು.

"ಹೊಲಕ್ಕ ಹೋಗಾಕಿಗೆ ಎಂಥಾ ವಾಸನಿನವ್ವಾ. ಸರಿ ಅತ್ಲಾಗ."

ಮುಂದೆ ಮೂವರಿಗಷ್ಟೇ ಜಾಗ. ನಾನು ಇಳಿದು ಬುಟ್ಟಿಯನ್ನು ಎತ್ತಿ ಮೇಲೆ ಕೊಟ್ಟೆ. ಚಾಲಕನ ಹೆಂಡತಿ ಬಗ್ಗಿ, ಎರಡೂ ಕೈಯಿಂದ ಅಜ್ಜಿಯ ತೋಳು ಹಿಡಿದು ಒಳಗೆಳೆದುಕೊಂಡಳು. ಬಾಗಿಲು ಹಾಕಿದರು. ಗಾಡಿ ಗುಂಡಿಗಳನ್ನು ತಪ್ಪಿಸುತ್ತ, ಮದುಮಗಳನ್ನು ಕೂರಿಸಿಕೊಂಡಂತೆ ನಿಧಾನವಾಗಿ ಮುಂದೆ ಹೋಯಿತು. ನಾನು ಹಿಂದೆ ನಡೆದೆ.